ಕೊರಿಯಾದ ಬೀದಿ ಟೋಸ್ಟು: ಮೊಟ್ಟೆ ಮೇಲೆ ಸಕ್ಕರೆ ಯಾಕೆ?

ಮೊದಲನೇ ಸಲ ಇದನ್ನು ಮನೆಯಲ್ಲಿ ಮಾಡಿದಾಗ ಅಕ್ಕ ಪಕ್ಕದಲ್ಲೇ ನಿಂತಿದ್ದಳು. ಬೆಣ್ಣೆಯಲ್ಲಿ ಬ್ರೆಡ್ ಕಾಯಿಸಿದೆ, ಏನೂ ಅನ್ನಲಿಲ್ಲ. ಮೊಟ್ಟೆಗೆ ಒಂದು ಹಿಡಿ ಎಲೆಕೋಸು ಸುರಿದೆ, ಹುಬ್ಬು ಏರಿಸಿದಳು, ಅಷ್ಟೇ. ಬೆಂದ ಆಮ್ಲೆಟ್ ಮೇಲೆ ಡಬ್ಬಿಯಿಂದ ಒಂದು ಚಮಚ ಬಿಳಿ ಪುಡಿ ಉದುರಿಸೋಕೆ ಹೋದೆ ನೋಡಿ, "ಅಯ್ಯೋ, ಅದು ಉಪ್ಪಲ್ಲ ಕಣೋ, ಸಕ್ಕರೆ!" ಅಂತ ಕೈ ಹಿಡಿದುಕೊಂಡಳು.

ಸಕ್ಕರೆ ಅಂತ ನನಗೂ ಗೊತ್ತಿತ್ತು. ಈ ಸ್ಯಾಂಡ್‌ವಿಚ್ ಬಗ್ಗೆ ಯಾರಿಗೆ ಹೇಳಿದರೂ ಮಾತು ಅಲ್ಲಿಗೇ ಬಂದು ನಿಲ್ಲುತ್ತದೆ. ಕೋಸು ಸರಿ, ಮೊಟ್ಟೆ ಸರಿ, ಕೆಚಪ್ ಬೇಕಾದರೂ ಸರಿ, ಆದರೆ ಸಕ್ಕರೆ ಯಾಕೆ? ಅದನ್ನ ಬಿಟ್ಟು ಮಾಡಿದರೆ ಆಗಲ್ವಾ? ಮಾಡಬಹುದು. ಆಗ ಅದು ಕೋಸು ಹಾಕಿದ ಬ್ರೆಡ್ ಆಮ್ಲೆಟ್. ಚೆನ್ನಾಗೇ ಇರುತ್ತದೆ, ಆದರೆ ಕೊರಿಯಾದವರು ಟೋಸ್ಟ್ ಅಂತ ಕರೆಯುವ ತಿಂಡಿ ಅದಲ್ಲ.

ಮೊದಲು ಹೆಸರಿನ ವಿಷಯ. ಕೊರಿಯನ್‌ನಲ್ಲಿ ಇದು 'ಗಿಲ್ಗೊರಿ ಟೊಸುತು'. ಗಿಲ್ಗೊರಿ ಅಂದರೆ ಬೀದಿ. ಟೊಸುತು ಅಂದರೆ ನಮ್ಮ ಟೋಸ್ಟೇ. 'ಸ್ಟ್' ಥರ ಜೋಡಿ ವ್ಯಂಜನದಲ್ಲಿ ಮುಗಿಯುವ ಇಂಗ್ಲಿಷ್ ಪದ ಅವರ ಬಾಯಿಗೆ ಹಾಗೇ ಕೂರುವುದಿಲ್ಲ, ಕೊನೆಗೊಂದು ಸ್ವರ ಬೇಕು. ನಾವು ಬಸ್ಸು, ಬ್ರೆಡ್ಡು, ಟೋಸ್ಟು ಅನ್ನುವುದಿಲ್ವಾ, ಹಾಗೇ. ಇನ್ನು ಬ್ರೆಡ್ಡಿಗೆ ಅವರು ಹೇಳುವುದು 'ಪ್ಪಾಂಗ್'. ಪೋರ್ಚುಗೀಸರ 'ಪಾಂವ್' ಅನ್ನುವ ಪದ ಜಪಾನಿಗೆ ಹೋಗಿ 'ಪಾನ್' ಆಯಿತು, ಅಲ್ಲಿಂದ ಕೊರಿಯಾಕ್ಕೆ ಬಂದು ಪ್ಪಾಂಗ್ ಆಯಿತು. ಅದೇ ಪದ ಗೋವಾ ಕಡೆಯಿಂದ ಬಂದು ನಮ್ಮಲ್ಲಿ ಪಾವ್ ಆಗಿದೆ. ಅಂದರೆ ಪಾವ್ ಭಾಜಿಯ ಪಾವು, ದಕ್ಷಿಣ ಕೊರಿಯಾದ ರಾಜಧಾನಿ ಸೋಲ್‌ನ ಬೀದಿಯ ಪ್ಪಾಂಗು, ಎರಡೂ ದಾಯಾದಿಗಳು.

ಕೊರಿಯಾದ ಬೀದಿಯಲ್ಲಿ ಹೋಗಿ ಟೋಸ್ಟ್ ಕೊಡಿ ಅಂದರೆ ಬರೀ ಕಾಯಿಸಿದ ಬ್ರೆಡ್ ಸಿಗುವುದಿಲ್ಲ ಅನ್ನುವುದು ನೆನಪಿರಲಿ. ಟೋಸ್ಟ್ ಅಂದರೇ ಅಲ್ಲಿ ಈ ಸ್ಯಾಂಡ್‌ವಿಚ್. ಮಾರ್ಗರೀನ್ ಅಥವಾ ಬೆಣ್ಣೆಯಲ್ಲಿ ಎರಡೂ ಕಡೆ ಕೆಂಪಗೆ ಕಾಯಿಸಿದ ಎರಡು ಹಾಳೆ ಬಿಳಿ ಬ್ರೆಡ್. ನಡುವೆ ಎಲೆಕೋಸು, ಕ್ಯಾರೆಟ್, ಈರುಳ್ಳಿ ಸೊಪ್ಪು ಸೇರಿಸಿ ಬೇಯಿಸಿದ ಚೌಕದ ಆಮ್ಲೆಟ್. ಅದರ ಮೇಲೆ ಸಕ್ಕರೆ, ಕೆಚಪ್, ಕೆಲವು ಕಡೆ ಮೇಯನೇಸ್. ಕೈಯಲ್ಲಿ ಇನ್ನಷ್ಟು ಕಾಸಿದ್ದರೆ ಒಂದು ಹಾಳೆ ಹ್ಯಾಮ್, ಒಂದು ಹಾಳೆ ಚೀಸ್. ಮುಗಿಯಿತು. ಪಟ್ಟಿ ನೋಡಿದರೆ ಇದರಲ್ಲಿ ವಿವರಿಸೋಕೆ ಏನಿದೆ ಅನ್ನಿಸುತ್ತದೆ. ನನಗೂ ಹಾಗೇ ಅನ್ನಿಸಿತ್ತು, ಮೂರು ಸಲ ಕೆಡಿಸುವ ತನಕ.

ಗಾಡಿಯವರು ಮಾಡುವ ರೀತಿಯನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಬೆಳಿಗ್ಗೆ ಹೊತ್ತು, ಮೆಟ್ರೋ ನಿಲ್ದಾಣದ ಬಾಗಿಲ ಬಳಿ ಒಂದು ಗಾಡಿ. ನಮ್ಮ ದೋಸೆ ಹೋಟೆಲ್ಲಿನ ಕಾವಲಿಯ ಥರವೇ ಉದ್ದಕ್ಕೆ ಚಪ್ಪಟೆ ಕಬ್ಬಿಣದ ಕಾವಲಿ. ಪಕ್ಕದಲ್ಲಿ ಒಂದು ದೊಡ್ಡ ಪಾತ್ರೆಯಲ್ಲಿ ಕೋಸು ಬೆರೆಸಿದ ಮೊಟ್ಟೆ ಸಿದ್ಧವಾಗಿರುತ್ತದೆ. ಕಾವಲಿಯ ಒಂದು ತುದಿಯಲ್ಲಿ ಮಾರ್ಗರೀನ್ ತುಂಡು ಜಾರಿಸಿ ಅದರ ಮೇಲೆ ಬ್ರೆಡ್ ಒತ್ತುತ್ತಾರೆ. ಇನ್ನೊಂದು ತುದಿಯಲ್ಲಿ ಒಂದು ಸೌಟು ಮೊಟ್ಟೆ ಹುಯ್ಯುತ್ತಾರೆ. ಅದು ಗುಂಡಗೆ ಹರಡುತ್ತದೆ. ಅಂಚು ಗಟ್ಟಿಯಾಗುತ್ತಿದ್ದ ಹಾಗೆ ಮಗುಚುವ ಕೈಯಿಂದ ನಾಲ್ಕೂ ಕಡೆ ಒಳಕ್ಕೆ ತಳ್ಳಿ, ಮಡಚಿ, ಬ್ರೆಡ್ಡಿನ ಅಳತೆಗೆ ಚೌಕ ಮಾಡುತ್ತಾರೆ. ಮಗುಚಿ ಹಾಕುತ್ತಾರೆ. ಕಾಯ್ದ ಬ್ರೆಡ್ ಮೇಲೆ ಅದನ್ನು ಕೂರಿಸಿ, ಸಕ್ಕರೆ ಉದುರಿಸಿ, ಕೆಚಪ್ ಬಾಟಲಿಯಿಂದ ಅಡ್ಡಾದಿಡ್ಡಿ ಗೆರೆ ಎಳೆದು, ಇನ್ನೊಂದು ಬ್ರೆಡ್ ಮುಚ್ಚಿ, ಒಂದು ಸಲ ಒತ್ತಿ, ಅರ್ಧಕ್ಕೆ ಮಡಚಿ, ಕಾಫಿ ಕುಡಿಯುವ ಪೇಪರ್ ಕಪ್ಪಿನೊಳಗೆ ತುರುಕಿ ಕೈಗೆ ಕೊಡುತ್ತಾರೆ. ಎಲ್ಲಾ ಸೇರಿ ನಾಲ್ಕೈದು ನಿಮಿಷ. ಅಲ್ಲಿನವರ ಬಾಯಲ್ಲಿ ಸದಾ ಇರುವ ಮಾತು 'ಪ್ಪಲ್ಲಿ ಪ್ಪಲ್ಲಿ', ಅಂದರೆ ಬೇಗ ಬೇಗ. ಅಂಥವರಿಗಾಗಿಯೇ ಆದ ತಿಂಡಿ ಇದು.

ಈಗ ಸಕ್ಕರೆಗೆ ಬರೋಣ.

ಒಂದು ಟೋಸ್ಟಿಗೆ ಬೀಳುವುದು ಸುಮಾರು ಒಂದು ಟೀ ಚಮಚ, ನಾಲ್ಕೈದು ಗ್ರಾಂ. ನಮ್ಮಲ್ಲಿ ಎಷ್ಟೋ ಜನ ಒಂದು ಲೋಟ ಕಾಫಿಗೆ ಇದಕ್ಕಿಂತ ಜಾಸ್ತಿ ಹಾಕಿಕೊಳ್ಳುತ್ತಾರೆ. ಹಾಗಾಗಿ ಅದು ಸಿಹಿ ತಿಂಡಿ ಆಗುವುದಿಲ್ಲ. ಅದರ ಕೆಲಸ ಬೇರೆ. ಉಪ್ಪು, ಹುಳಿ, ಜಿಡ್ಡು ಮೂರೂ ಇರುವ ಕಡೆ ಸ್ವಲ್ಪ ಸಿಹಿ ಬಂದರೆ ಉಳಿದ ಮೂರರ ಮೊನೆ ಮುರಿಯುತ್ತದೆ. ಉಡುಪಿ ಕಡೆಯ ಸಾರಿಗೆ ಚೂರು ಬೆಲ್ಲ ಹಾಕುತ್ತಾರಲ್ಲ, ಅದೇ ಲೆಕ್ಕ. ಆ ಸಾರನ್ನು ಯಾರೂ ಪಾಯಸ ಅನ್ನಲ್ಲ. ಬೆಲ್ಲ ಬಿಟ್ಟರೆ ಮಾತ್ರ ಏನೋ ಕಮ್ಮಿ ಅನ್ನುತ್ತಾರೆ. ಹುಣಸೆ ಗೊಜ್ಜು ತಿಂದು ಬೆಳೆದವರು ಕೆಚಪ್ಪಿನ ಹುಳಿ ಜೊತೆ ಸಕ್ಕರೆ ನೋಡಿ ಮುಖ ಸಿಂಡರಿಸುವುದು ನನಗಂತೂ ತಮಾಷೆಯಾಗಿ ಕಾಣುತ್ತದೆ.

ಸರಿ, ಹಾಗಾದರೆ ಅದನ್ನು ಮೊಟ್ಟೆಗೇ ಬೆರೆಸಿ ಬೇಯಿಸಬಾರದಾ? ಬೇಡ. ಎರಡು ಕಾರಣ ಇದೆ. ಸಕ್ಕರೆ ಬೆರೆತ ಮೊಟ್ಟೆ ಗಟ್ಟಿಯಾಗೋಕೆ ಜಾಸ್ತಿ ಬಿಸಿ ಬೇಕು, ಕಾವಲಿಗೆ ತಾಗಿದ ಕಡೆ ಬೇಗ ಕಪ್ಪಾಗುತ್ತದೆ ಕೂಡ. ಹೊರಗೆ ಸೀದು ಒಳಗೆ ಹಸಿಯಾಗಿ ಉಳಿಯುತ್ತದೆ. ಎರಡನೇ ಕಾರಣವೇ ನನಗೆ ಇಷ್ಟವಾದದ್ದು. ಬಿಸಿ ಆಮ್ಲೆಟ್ ಮೇಲೆ ಕೊನೆಗೆ ಉದುರಿಸಿದ ಸಕ್ಕರೆ ಪೂರ್ತಿ ಕರಗುವುದಿಲ್ಲ. ಕೆಳಗಿನ ಹರಳು ಮೊಟ್ಟೆಯ ತೇವಕ್ಕೆ ಪಾಕವಾಗುತ್ತದೆ. ಮೇಲಿನದು ಹಾಗೇ ಉಳಿದು ಹಲ್ಲಿಗೆ ಕರುಂ ಅನ್ನುತ್ತದೆ. ಮೆತ್ತಗಿನ ಮೊಟ್ಟೆ, ಅರೆಬೆಂದ ಕೋಸು, ಗರಿ ಬ್ರೆಡ್ಡಿನ ನಡುವೆ ಆ ಸಣ್ಣ ಕರುಂ. ಅದು ಸಿಗಬೇಕು ಅಂದರೆ ಮಾಡಿದ ತಕ್ಷಣ ತಿನ್ನಬೇಕು, ಹತ್ತು ನಿಮಿಷ ಬಿಟ್ಟರೆ ಎಲ್ಲ ಕರಗಿ ಹೋಗಿರುತ್ತದೆ. ಸಕ್ಕರೆ ಪುಡಿ ಮಾಡಿ ಹಾಕಬೇಡಿ, ಹರಳೇ ಇರಲಿ. ಬೆಲ್ಲವೂ ಬೇಡ, ಅದರ ವಾಸನೆ ಬೇರೆ ದಿಕ್ಕಿಗೆ ಎಳೆಯುತ್ತದೆ. ಪ್ರಯೋಗ ಮಾಡಿಯೇ ಹೇಳುತ್ತಿದ್ದೇನೆ.

ಕೋಸಿನ ಕಥೆ ಇನ್ನೊಂದು. ಕೊರಿಯಾ ಅಂದ ತಕ್ಷಣ ಕಿಮ್ಚಿ, ಅಂದರೆ ಅವರ ಖಾರದ ಕೋಸಿನ ಉಪ್ಪಿನಕಾಯಿ, ನೆನಪಾಗುತ್ತದೆ, ಆದರೆ ಕಿಮ್ಚಿಗೆ ಹಾಕುವ ಉದ್ದನೆಯ ಕೋಸು ಇದಲ್ಲ. ಅದು 'ಬೆಚು'. ಟೋಸ್ಟಿಗೆ ಹಾಕುವುದು ನಮ್ಮ ಮಾರ್ಕೆಟ್ಟಿನಲ್ಲಿ ಸಿಗುವ ಗುಂಡು ಕೋಸೇ, ಅವರು 'ಯಾಂಗ್‌ಬೆಚು' ಅಂತಾರೆ, ಅಂದರೆ ಪಶ್ಚಿಮದ ಕೋಸು. ಅಗ್ಗ. ಎರಡು ಮೊಟ್ಟೆಯನ್ನು ಮೂರು ಮೊಟ್ಟೆಯಷ್ಟು ದಪ್ಪ ಕಾಣಿಸುವ ಶಕ್ತಿ ಅದಕ್ಕಿದೆ, ಗಾಡಿಯವರು ಅದನ್ನು ಹಿಡಿದುಕೊಂಡದ್ದರಲ್ಲಿ ಆಶ್ಚರ್ಯ ಇಲ್ಲ. ಆದರೆ ಬರೀ ಅಗ್ಗ ಅಂತ ಮಾತ್ರ ಅಲ್ಲ. ಸಣ್ಣಗೆ ಹೆಚ್ಚಿದ ಕೋಸು ಎರಡು ಮೂರು ನಿಮಿಷದ ಬಿಸಿಗೆ ಹಸಿ ಘಾಟು ಬಿಟ್ಟು ತನ್ನದೇ ಸಿಹಿ ಕೊಡುತ್ತದೆ, ಕಡಿದರೆ ಇನ್ನೂ ಗರಿಯಾಗಿರುತ್ತದೆ. ಜಾಸ್ತಿ ಹೊತ್ತು ಬೇಯಿಸಿದಿರೋ, ಅದೇ ಕೋಸು ಗಂಧಕದ ವಾಸನೆ ಹೊಡೆಯೋಕೆ ಶುರು ಮಾಡುತ್ತದೆ. ಮದುವೆ ಮನೆಯಲ್ಲಿ ಮಧ್ಯಾಹ್ನ ಮೂರು ಗಂಟೆ ಪಂಕ್ತಿಗೆ ಕೂತವರಿಗೆ ಕೋಸಿನ ಪಲ್ಯದ ಆ ವಾಸನೆ ಗೊತ್ತಿರುತ್ತದೆ.

ನಾನು ಮೊದಲ ಸಲ ಕೆಡಿಸಿದ್ದು ಇಲ್ಲೇ. ಕೋಸು, ಮೊಟ್ಟೆ, ಉಪ್ಪು ಎಲ್ಲ ಬೆರೆಸಿ ಪಕ್ಕಕ್ಕಿಟ್ಟು ಆರಾಮಾಗಿ ಬ್ರೆಡ್ ಕಾಯಿಸಿದೆ, ಚೀಸ್ ಹುಡುಕಿದೆ, ಫೋನ್ ಬಂತು ಮಾತಾಡಿದೆ. ವಾಪಸ್ ಬಂದು ನೋಡಿದರೆ ಪಾತ್ರೆಯಲ್ಲಿ ನೀರು. ಕೋಸಿನಲ್ಲಿ ನೂರಕ್ಕೆ ತೊಂಬತ್ತು ಭಾಗಕ್ಕಿಂತ ಜಾಸ್ತಿ ನೀರೇ ಇರುವುದು, ಉಪ್ಪು ಅದನ್ನು ಹೊರಕ್ಕೆ ಎಳೆಯುತ್ತದೆ. ಕೋಸಂಬರಿಗೆ ಬಡಿಸುವ ಹೊತ್ತಿಗೆ ಉಪ್ಪು ಹಾಕಬೇಕು ಅಂತ ಅಮ್ಮ ಸಾವಿರ ಸಲ ಹೇಳಿರುತ್ತಾರೆ. ಇಲ್ಲೂ ಅದೇ ನಿಯಮ. ಆ ನೀರು ಮೊಟ್ಟೆ ಜೊತೆ ಕಾವಲಿಗೆ ಬಿದ್ದರೆ ಆಮ್ಲೆಟ್ ಬೇಯುವ ಬದಲು ಕುದಿಯುತ್ತದೆ, ಕೆಂಪಾಗುವುದಿಲ್ಲ, ಆಮೇಲೆ ಬ್ರೆಡ್ಡನ್ನೂ ಒದ್ದೆ ಮಾಡುತ್ತದೆ. ಗಾಡಿಯವರ ಪಾತ್ರೆ ಅಷ್ಟು ಹೊತ್ತು ಕಾಯುವುದಿಲ್ಲ, ಬೆಳಗಿನ ನೂಕುನುಗ್ಗಲಲ್ಲಿ ಬೇಗ ಖಾಲಿ ಆಗುತ್ತಿರುತ್ತದೆ. ಮನೆಯಲ್ಲಿ ಮಾಡುವ ನಾವು ಉಪ್ಪನ್ನು ಕಾವಲಿಗೆ ಹುಯ್ಯುವ ಹೊತ್ತಿಗೆ ಹಾಕಿದರೆ ಸಾಕು.

ಬ್ರೆಡ್ಡಿಗೆ ಜಿಡ್ಡು ಯಾಕೆ ಅನ್ನುವುದೂ ಇದಕ್ಕೇ ಸೇರಿದ್ದು. ಎರಡೂ ಮುಖಕ್ಕೆ ಬೆಣ್ಣೆ ತಾಗಿಸಿ ಕಾಯಿಸಿದ ಬ್ರೆಡ್ ಮೇಲೆ ಒಣಗಿ ಗಟ್ಟಿಯಾಗಿರುತ್ತದೆ, ಮೇಲೊಂದು ಜಿಡ್ಡಿನ ಪದರ ಇರುತ್ತದೆ, ಕೆಚಪ್ಪಿನ ನೀರು ಸುಲಭಕ್ಕೆ ಒಳಗಿಳಿಯುವುದಿಲ್ಲ. ಹೊರಮುಖ ಮಾತ್ರ ಕಾಯಿಸಿದರೆ ಒಳಗೆ ಮುದ್ದೆ. ಹಳೇ ಗಾಡಿಯವರು ಮಾರ್ಗರೀನ್ ಬಳಸಿದ್ದು ದುಡ್ಡು ಉಳಿಸೋಕೆ, ಜೊತೆಗೆ ಬೆಣ್ಣೆಯಲ್ಲಿರುವ ಹಾಲಿನ ಅಂಶ ಕಾದ ಕಬ್ಬಿಣದ ಮೇಲೆ ಬೇಗ ಸೀಯುತ್ತದೆ. ಮನೆಯಲ್ಲಿ ಉಪ್ಪು ಬೆಣ್ಣೆಯೇ ಸಾಕು, ಉರಿ ಮಾತ್ರ ಸಣ್ಣಗಿರಲಿ. ತುಪ್ಪ ಹಾಕಿ ನೋಡಿದೆ. ಬ್ರೆಡ್ ಗರಿಗರಿ ಆಯಿತು, ಆದರೆ ತಿಂದರೆ ದೋಸೆ ಹೋಟೆಲ್ ನೆನಪಾಗುತ್ತದೆ.

ಅನ್ನ ತಿನ್ನುವ ದೇಶದಲ್ಲಿ ಬೆಳಗಿನ ತಿಂಡಿ ಬ್ರೆಡ್ ಹೇಗೆ ಆಯಿತು? 1950ರಿಂದ 1953ರವರೆಗೆ ನಡೆದ ಯುದ್ಧದಲ್ಲಿ ಕೊರಿಯಾ ನೆಲಕಚ್ಚಿತ್ತು, ಅಕ್ಕಿಗೆ ಬರ. ಅಮೆರಿಕದಲ್ಲಿ ಗೋಧಿ ಮಿಕ್ಕುತ್ತಿತ್ತು. 1954ರಲ್ಲಿ ಅಮೆರಿಕ ಮಾಡಿದ ಪಿ.ಎಲ್. 480 ಅನ್ನುವ ಕಾನೂನಿನಡಿ ಆ ಗೋಧಿ ಬೇರೆ ಬೇರೆ ದೇಶಕ್ಕೆ ಹೋಯಿತು, ದಕ್ಷಿಣ ಕೊರಿಯಾಕ್ಕೂ ಬಂತು. ಈ ಹೆಸರನ್ನು ಎಲ್ಲೋ ಕೇಳಿದ ಹಾಗಿದೆ ಅನ್ನಿಸಿದರೆ ಮನೆಯ ಹಿರಿಯರನ್ನು ಕೇಳಿ. 1956ರ ಒಪ್ಪಂದದ ಮೇಲೆ ಅದೇ ಕಾನೂನಿನ ಗೋಧಿ ಭಾರತಕ್ಕೂ ಬಂದು ರೇಷನ್ ಅಂಗಡಿಯಲ್ಲಿ ಸಿಗುತ್ತಿತ್ತು. ನಮ್ಮಲ್ಲಿ ಅದು ಚಪಾತಿ, ಉಪ್ಪಿಟ್ಟಿನ ದಾರಿ ಹಿಡಿಯಿತು. ಅಲ್ಲಿ ನೂಡಲ್ಸ್, ಬ್ರೆಡ್ ಕಡೆ ತಿರುಗಿತು.

ಅವರ ಸರ್ಕಾರ ಸುಮ್ನೆ ಬಿಡಲಿಲ್ಲ. 1960, 70ರ ದಶಕದಲ್ಲಿ ಅಕ್ಕಿ ಕಮ್ಮಿ ತಿನ್ನಿ, ಬೇರೆ ಧಾನ್ಯ ಬೆರೆಸಿ, ಹಿಟ್ಟಿನ ಅಡುಗೆ ತಿನ್ನಿ ಅಂತ ದೊಡ್ಡ ಚಳವಳಿಯನ್ನೇ ನಡೆಸಿತು. ವಾರದಲ್ಲಿ ಎರಡು ದಿನ, ಬುಧವಾರ ಮತ್ತು ಶನಿವಾರ, ಹಗಲು ಹೊತ್ತು ಹೋಟೆಲ್ಲಿನಲ್ಲಿ ಅನ್ನ ಬಡಿಸುವಂತಿಲ್ಲ ಅನ್ನುವ ನಿಯಮವೂ ಇತ್ತು. ಶಾಲೆಯಲ್ಲಿ ಮೇಷ್ಟ್ರು ಮಕ್ಕಳ ಊಟದ ಡಬ್ಬಿ ತೆಗೆಸಿ ಅನ್ನಕ್ಕೆ ಬಾರ್ಲಿ ಬೆರೆಸಿದ್ದಾರಾ ಅಂತ ನೋಡುತ್ತಿದ್ದರು. ಸೋಮವಾರ ರಾತ್ರಿ ಒಪ್ಪತ್ತು ಬಿಡಿ ಅಂತ 1965ರಲ್ಲಿ ಶಾಸ್ತ್ರಿಯವರು ಕೇಳಿಕೊಂಡಾಗ ನಮ್ಮವರು ಬಿಟ್ಟರಲ್ಲ, ಆ ಕಾಲದ ಮಾತು. ಹೀಗೆ ಹಿಟ್ಟಿನ ತಿಂಡಿಗೆ ಅಲ್ಲಿ 'ಬುನ್‌ಶಿಕ್' ಅನ್ನುವ ಹೆಸರೇ ನಿಂತಿತು. ಇವತ್ತಿಗೂ ಸಣ್ಣ ತಿಂಡಿ ಅಂಗಡಿಗೆ ಬುನ್‌ಶಿಕ್ ಅಂಗಡಿ ಅಂತಲೇ ಹೇಳುತ್ತಾರೆ. ಒಟ್ಟೊಗಿ ಅನ್ನುವ ಕಂಪನಿ 1971ರಲ್ಲಿ ಕೆಚಪ್, 1972ರಲ್ಲಿ ಮೇಯನೇಸ್ ಮಾಡಿ ಮಾರೋಕೆ ಶುರು ಮಾಡಿತು. ಬ್ರೆಡ್ ಇತ್ತು, ಕೆಚಪ್ ಬಂತು, ಮೊಟ್ಟೆ, ಕೋಸು ಹೇಗೂ ಇದ್ದವು.

ಮುಂದೆ ಈ ಗಾಡಿಗಳಿಗೆ ಇನ್ನೊಂದು ಅಲೆ ಬಂದದ್ದು 1997ರ ಕೊನೆಯಲ್ಲಿ. ಕೊರಿಯಾದ ಖಜಾನೆಯಲ್ಲಿ ಡಾಲರ್ ಬಹುತೇಕ ಖಾಲಿಯಾಗಿ, ಸಾಲಕ್ಕೆ ಐ.ಎಂ.ಎಫ್., ಅಂದರೆ ಅಂತಾರಾಷ್ಟ್ರೀಯ ಹಣಕಾಸು ನಿಧಿಯ ಬಾಗಿಲು ತಟ್ಟಬೇಕಾಯಿತು. ಅಲ್ಲಿನವರು ಆ ಕಾಲವನ್ನು 'ಐ.ಎಂ.ಎಫ್.' ಅಂತಲೇ ನೆನೆಯುತ್ತಾರೆ, ನಮ್ಮಲ್ಲಿ ಕೊರೊನಾ ಟೈಮು ಅಂದ ಹಾಗೆ. ಕಂಪನಿಗಳು ಮುಚ್ಚಿದವು, ಟೈ ಕಟ್ಟಿಕೊಂಡು ಆಫೀಸಿಗೆ ಹೋಗುತ್ತಿದ್ದವರು ಮನೆಗೆ ಬಂದರು. ಕಮ್ಮಿ ಬಂಡವಾಳದಲ್ಲಿ ಬೀದಿಯಲ್ಲಿ ಏನಾದರೂ ಮಾರೋಣ ಅಂತ ಹೊರಟವರು ಎಷ್ಟೋ ಜನ. ಒಂದು ಕಾವಲಿ, ಒಂದು ಗ್ಯಾಸ್ ಸಿಲಿಂಡರ್, ಬ್ರೆಡ್, ಮೊಟ್ಟೆ ಇದ್ದರೆ ಟೋಸ್ಟ್ ಗಾಡಿ ಆಯಿತು. ಅದಕ್ಕೇ ಒಂದು ವಯಸ್ಸಿನ ಕೊರಿಯನ್ನರಿಗೆ ಈ ಟೋಸ್ಟ್ ಅಂದರೆ ಕಾಲೇಜು, ಟ್ಯೂಷನ್, ಬೆಳಗಿನ ಚಳಿ, ಕೈಯಲ್ಲಿ ಬಿಸಿ ಪೇಪರ್ ಕಪ್. ಈಗ ಕೆಫೆಗಳಲ್ಲಿ 'ಯೆನ್ನಾಲ್ ಟೋಸ್ಟ್', ಅಂದರೆ ಹಳೇ ಕಾಲದ ಟೋಸ್ಟ್, ಅಂತ ಬೋರ್ಡ್ ಹಾಕಿ ಅದನ್ನೇ ಜಾಸ್ತಿ ದುಡ್ಡಿಗೆ ಮಾರುತ್ತಾರೆ.

ಈ ಟೋಸ್ಟನ್ನು ಅಂಗಡಿಯಲ್ಲಿ ಮಾರುವವರಲ್ಲಿ ದೊಡ್ಡ ಹೆಸರು ಇಸಾಕ್ ಟೋಸ್ಟ್. ಸೋಲ್‌ನ ಮ್ಯೊಂಗ್‌ಡೊಂಗ್ ಅಂಗಡಿ ಮುಂದೆ ಪ್ರವಾಸಿಗರ ಸಾಲು ಯಾವಾಗಲೂ ಇರುತ್ತದೆ. ಇವರು ಹರಳು ಸಕ್ಕರೆ ಬದಲು ಕಿವಿ ಹಣ್ಣಿನ ರುಚಿಯ ಸಿಹಿ ಸಾಸ್ ಸವರುತ್ತಾರೆ. ರುಚಿ ನಯವಾಗಿದೆ, ಕರುಂ ಇಲ್ಲ. ಇನ್ನು ಎಗ್‌ಡ್ರಾಪ್ ಥರದ ಹೊಸ ಅಂಗಡಿಗಳಲ್ಲಿ ದಪ್ಪ ಬ್ರಿಯೋಶ್ ಬ್ರೆಡ್ಡಿನೊಳಗೆ ಮೆತ್ತಗಿನ ಸ್ಕ್ರಾಂಬಲ್ಡ್ ಎಗ್ ತುಂಬಿ ಕೊಡುತ್ತಾರೆ. ಫೋಟೋ ಚೆನ್ನಾಗಿ ಬರುತ್ತದೆ. ನನ್ನ ಮಟ್ಟಿಗೆ ಅದು ಬೇರೆ ಜಾತಿಯ ಸ್ಯಾಂಡ್‌ವಿಚ್.

ಮನೆಯಲ್ಲಿ ಒಬ್ಬರಿಗೆ ಮಾಡುವ ಅಳತೆ ಇಷ್ಟು: ಬ್ರೆಡ್ ಎರಡು, ಮೊಟ್ಟೆ ಎರಡು, ಸಣ್ಣಗೆ ಎಳೆ ಎಳೆಯಾಗಿ ಹೆಚ್ಚಿದ ಕೋಸು ಒಂದು ದೊಡ್ಡ ಹಿಡಿ, ಅಂದರೆ ಅರವತ್ತು ಗ್ರಾಂ ಆಸುಪಾಸು, ತುರಿದ ಕ್ಯಾರೆಟ್ ಒಂದು ಚಮಚ, ಈರುಳ್ಳಿ ಸೊಪ್ಪು ಸ್ವಲ್ಪ. ಕೋಸನ್ನು ತುರಿಯಬೇಡಿ, ನೀರಾಗುತ್ತದೆ. ಚಾಕುವಿನಲ್ಲೇ ಹೆಚ್ಚಿ. ಮೊದಲು ಬ್ರೆಡ್ ಕಾಯಿಸಿ ಒಂದಕ್ಕೊಂದು ಒರಗಿಸಿ ನಿಲ್ಲಿಸಿ, ತಟ್ಟೆಯಲ್ಲಿ ಮಲಗಿಸಿದರೆ ಅಡಿಯಲ್ಲಿ ಬೆವರುತ್ತದೆ. ಆಮೇಲೆ ಮೊಟ್ಟೆ. ಮಧ್ಯಮ ಉರಿ. ಒಂದು ಕಡೆ ಎರಡು ನಿಮಿಷ, ಚೌಕ ಮಡಚಿ ಮಗುಚಿ ಇನ್ನೊಂದು ನಿಮಿಷ. ಚೀಸ್ ಹಾಕುವುದಾದರೆ ಮಗುಚಿದ ತಕ್ಷಣ ಮೇಲಿಡಿ. ಬ್ರೆಡ್ ಮೇಲೆ ಮೊಟ್ಟೆ, ಸಕ್ಕರೆ, ಆಮೇಲೆ ಕೆಚಪ್. ನಮ್ಮ ಬೇಕರಿಯ ಮಿಲ್ಕ್ ಬ್ರೆಡ್ ಆದರೆ ಅದರಲ್ಲೇ ಸಿಹಿ ಇರುತ್ತದೆ, ಸಕ್ಕರೆ ಅರ್ಧ ಮಾಡಿ. ಹಸಿಮೆಣಸಿನಕಾಯಿ ಹಾಕಬೇಕು ಅಂತ ಕೈ ತುರಿಸುತ್ತದೆ, ಗೊತ್ತು. ಮೊದಲ ಸಲ ಹಾಕಬೇಡಿ. ಎರಡನೇ ಸಲ ಒಂದನ್ನು ಹಾಕಿ, ಅಯ್ಯಂಗಾರ್ ಬೇಕರಿಯ ಈರುಳ್ಳಿ ಕ್ಯಾರೆಟ್ ಪಲ್ಯದ ಟೋಸ್ಟಿಗೂ ಇದಕ್ಕೂ ಮದುವೆ ಆದ ಹಾಗಿರುತ್ತದೆ, ಕೆಟ್ಟದೇನಲ್ಲ. ಇನ್ನೊಂದು ಮಾತು, ಪಳಗಿದ ದೋಸೆ ಕಾವಲಿಯ ಮೇಲೆ ಇದನ್ನು ಮಾಡಿ ಮನೆಯಲ್ಲಿ ಬೈಸಿಕೊಳ್ಳಬೇಡಿ. ಮೊಟ್ಟೆ ತಾಗಿದ ಕಾವಲಿಯಲ್ಲಿ ಮಾರನೇ ದಿನ ದೋಸೆ ಸುಲಭಕ್ಕೆ ಏಳುವುದಿಲ್ಲ.

ತಿನ್ನುವ ಕ್ರಮಕ್ಕೂ ಕಾರಣ ಇದೆ. ಕತ್ತರಿಸಿ ತಟ್ಟೆಯಲ್ಲಿಟ್ಟು ಕೂತರೆ ಕೋಸು ಉದುರುತ್ತದೆ, ಆವಿ ಬ್ರೆಡ್ಡಿಗೆ ಹತ್ತುತ್ತದೆ. ಮಡಚಿ ಪೇಪರ್ ಕಪ್ಪಿಗೋ ಬಟರ್ ಪೇಪರಿಗೋ ಹಾಕಿ, ಮೇಲಿಂದ ಕಚ್ಚುತ್ತಾ ಬನ್ನಿ. ಕೆಳಗೆ ಜಾರಿದ ಕೆಚಪ್, ಕೋಸಿನ ಚೂರು, ಕರಗಿದ ಸಕ್ಕರೆ ಎಲ್ಲ ಕಪ್ಪಿನ ತಳದಲ್ಲಿ ಸೇರಿರುತ್ತದೆ. ಕೊನೆಯ ತುತ್ತು ಅದರಲ್ಲಿ ಅದ್ದಿಕೊಂಡು ಬರುತ್ತದೆ. ಜೊತೆಗೆ ಹಾಲು ಅಥವಾ ಕಾಫಿ. ಸ್ಟ್ರಾಂಗ್ ಫಿಲ್ಟರ್ ಕಾಫಿಗೆ ಸಕ್ಕರೆ ಹಾಕದೆ ಕುಡಿದರೆ ಇನ್ನೂ ಚೆನ್ನ.

ಕೊರಿಯಾಕ್ಕೆ ಓದೋಕೋ ಕೆಲಸಕ್ಕೋ ಹೋಗುವ ನಮ್ಮವರಿಗೆ ಒಂದೆರಡು ಮಾತು. 'ಟೊಸುತು ಹನಾ ಜುಸೆಯೊ' ಅಂದರೆ ಒಂದು ಟೋಸ್ಟ್ ಕೊಡಿ. 'ಹೆಮ್ ಪ್ಪೆ ಜುಸೆಯೊ' ಅಂದರೆ ಹ್ಯಾಮ್ ಬೇಡ. ಹ್ಯಾಮ್ ಅಲ್ಲಿ ಸಾಮಾನ್ಯವಾಗಿ ಹಂದಿಯದ್ದು, ಬುಲ್ಗೋಗಿ ಅಂತ ಬರೆದಿದ್ದರೆ ಮಸಾಲೆಯಲ್ಲಿ ನೆನೆಸಿ ಬೇಯಿಸಿದ ಮಾಂಸ. ಹ್ಯಾಮ್ ಬೇಡ ಅಂದರೂ ಕಾವಲಿ ಒಂದೇ ಇರುತ್ತದೆ, ಅದು ಆಗಲ್ಲ ಅನ್ನುವವರು ಮನೆಯಲ್ಲೇ ಮಾಡಿಕೊಳ್ಳುವುದು ವಾಸಿ. ಮೊಟ್ಟೆಯನ್ನೂ ತಿನ್ನದವರು ಕಡಲೆಹಿಟ್ಟಿನಲ್ಲಿ ಕೋಸು ಕಲಸಿ ದೋಸೆ ಥರ ಮಾಡಿ ಬ್ರೆಡ್ ನಡುವೆ ಇಡಬಹುದು. ಸಕ್ಕರೆ, ಕೆಚಪ್ ಅದಕ್ಕೂ ಹೊಂದುತ್ತದೆ, ಆದರೆ ಅದಕ್ಕೆ ಕೊರಿಯಾದ ಹೆಸರು ಇಡೋದು ಬೇಡ.

ಅಕ್ಕ ಆಮೇಲೆ ಕೇಳಿದ ಪ್ರಶ್ನೆ ಒಂದೇ, ಇದನ್ನು ಮಗಳ ಸ್ಕೂಲ್ ಡಬ್ಬಿಗೆ ಹಾಕಬಹುದಾ ಅಂತ. ಹಾಗೇ ಹಾಕಿದರೆ ಮಧ್ಯಾಹ್ನಕ್ಕೆ ಹಸೀ ಹಿಟ್ಟಿನ ಮುದ್ದೆ ಆಗಿರುತ್ತದೆ. ಆಮ್ಲೆಟ್ಟನ್ನು ಪೂರ್ತಿ ಬೇಯಿಸಿ, ಜಾಲರಿ ಮೇಲೆ ಆರಿಸಿ, ಬ್ರೆಡ್ಡನ್ನೂ ಆರಿಸಿ ಜೋಡಿಸಿ, ಕೆಚಪ್ಪನ್ನು ಸಣ್ಣ ಡಬ್ಬಿಯಲ್ಲಿ ಬೇರೆ ಕೊಟ್ಟು ಕಳಿಸು ಅಂದೆ. ಸಕ್ಕರೆ? ಅದನ್ನೂ ಒಂದು ಚಿಕ್ಕ ಪೊಟ್ಟಣ ಕಟ್ಟಿ ಕೊಡುತ್ತಿದ್ದಾಳೆ ಈಗ.